ಹೋಲಿಬ್ರೋ ಎಕ್ಸ್500 ವಿ2 ಕಿಟ್: ಘಟ್ಟದ ಮಳೆಗಾಲಕ್ಕೆ ರಕ್ಷಣಾ ಡ್ರೋನ್ ಕಟ್ಟಲು ಇದು ಸಾಕಾ?

ತೀರ್ಪು ಮೊದಲು, ವಿವರ ಆಮೇಲೆ. ಡ್ರೋನ್ ಕಟ್ಟುವುದನ್ನು ಕೈಯಾರೆ ಕಲಿಯಬೇಕು, ಗುಡ್ಡ ಕುಸಿದ ಜಾಗದ ನಕ್ಷೆ ತೆಗೆಯಬೇಕು, ಹೊಳೆಯ ಆಚೆ ಸಿಕ್ಕಿಕೊಂಡವರಿಗೆ ಒಂದು ದಾರದ ತುದಿ ಮುಟ್ಟಿಸಬೇಕು ಅಂದರೆ ಹೋಲಿಬ್ರೋ ಕಂಪನಿಯ, ಬಿಡಿಭಾಗ ಜೋಡಿಸಿ ಡ್ರೋನ್ ಕಟ್ಟುವ ಈ ಕಿಟ್ ತೆಗೆದುಕೊಳ್ಳಿ, ದುಡ್ಡಿಗೆ ಮೋಸ ಇಲ್ಲ. ಆಷಾಢದ ಮಳೆ ಸುರಿಯುತ್ತಿರುವಾಗಲೇ ಹಾರಿಸಿ ಜನರನ್ನು ಹುಡುಕಬೇಕು ಅಂದರೆ ಬೇಡ. ಅದಕ್ಕೆ ಬೇರೆ ಯಂತ್ರ ಬೇಕು, ಅದರ ಬೆಲೆಯೂ ಬೇರೆ.

ಇನ್ನೊಂದು ಮಾತು. ಕಿಟ್ ಮಾಡಿದವರು ಇದನ್ನು ರಕ್ಷಣಾ ಡ್ರೋನ್ ಅಂತ ಎಲ್ಲೂ ಮಾರುತ್ತಿಲ್ಲ. ಇದು ಕಾಲೇಜು ಲ್ಯಾಬ್‌ಗಳಿಗೆ, ಸಾಫ್ಟ್‌ವೇರ್ ಬರೆಯುವವರಿಗೆ ಮಾಡಿದ ಕಿಟ್. ಘಟ್ಟಕ್ಕೆ ಹೊತ್ತು ತಂದವರು ನಾವು. ಹಾಗಾಗಿ ಮುಂದೆ ಹೇಳುವ ಕೊರತೆಗಳನ್ನು ಕಂಪನಿ ಮೇಲಿನ ದೂರು ಅಂತ ಓದಬೇಡಿ. ನಮ್ಮ ಕೆಲಸಕ್ಕೆ ಇದು ಎಷ್ಟು ಹೊಂದುತ್ತದೆ ಅನ್ನುವ ಲೆಕ್ಕ ಅಷ್ಟೇ.

ನಾವು ಅಂದರೆ ಶಿರಸಿ ಕಡೆಯ ಒಂದು ಸಣ್ಣ ಗುಂಪು. ಇಬ್ಬರು ಎಲೆಕ್ಟ್ರಾನಿಕ್ಸ್ ಓದಿದವರು, ಒಬ್ಬ ಮೊಬೈಲ್ ರಿಪೇರಿ ಅಂಗಡಿಯವನು, ಉಳಿದವರು ತೋಟದ ಕೆಲಸ ಮಾಡಿಕೊಂಡು ಮಳೆಗಾಲದಲ್ಲಿ ರಸ್ತೆಗೆ ಬಿದ್ದ ಮರ ಕಡಿಯಲು ಓಡುವವರು. ಡ್ರೋನ್ ವಿಷಯ ತಲೆಗೆ ಹೊಕ್ಕಿದ್ದು 2024ರಲ್ಲಿ. ಆ ವರ್ಷ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿತು. ರಸ್ತೆ ಬದಿಯ ಚಾ ಅಂಗಡಿ ಹೋಯಿತು, ನಿಂತಿದ್ದ ವಾಹನಗಳು ಗಂಗಾವಳಿ ಹೊಳೆ ಪಾಲಾದವು. ಕೇರಳದ ಒಂದು ಲಾರಿ ಮಣ್ಣಿನ ಅಡಿ ಇದೆಯೋ ಹೊಳೆಯಲ್ಲಿದೆಯೋ ಅನ್ನುವುದೇ ದಿನಗಟ್ಟಲೆ ತಿಳಿಯಲಿಲ್ಲ. ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ಅವರ ತಂಡ ಬಂದು, ಡ್ರೋನ್‌ಗೆ ಕಟ್ಟಿದ ಶೋಧಕದಿಂದ ನೀರಿನೊಳಗೆ ಲೋಹ ಇರುವ ಜಾಗಗಳನ್ನು ಗುರುತು ಮಾಡಿತು. ಆದರೂ ಹೊಳೆಯ ಸೆಳೆತಕ್ಕೆ ಮುಳುಗುಗಾರರು ಕೆಲಸ ಮಾಡಲಾಗದೆ, ಗೋವಾದಿಂದ ಡ್ರೆಜರ್ ಬಂದ ಮೇಲೆ ಸೆಪ್ಟೆಂಬರ್ 25ಕ್ಕೆ ಲಾರಿ ಸಿಕ್ಕಿತು. ಡ್ರೋನ್‌ನಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಅನ್ನುವುದು ನಮಗೆ ಅರ್ಥವಾಗಿದ್ದು ಅದನ್ನು ನೋಡಿಯೇ.

ಬೇರೆ ಕಡೆ ಇದೇನೂ ಹೊಸದಲ್ಲ. 2013ರ ಉತ್ತರಾಖಂಡ ಪ್ರವಾಹದಲ್ಲೇ ಐಡಿಯಾಫೋರ್ಜ್ ಕಂಪನಿಯ ನೇತ್ರ ಡ್ರೋನ್ ಅನ್ನು ರಾಷ್ಟ್ರೀಯ ವಿಪತ್ತು ಪಡೆ ಎನ್‌ಡಿಆರ್‌ಎಫ್ ಬಳಸಿತ್ತು. 2023ರ ನವೆಂಬರ್‌ನಲ್ಲಿ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು ಸಿಕ್ಕಿಕೊಂಡಾಗ ಒಳಗಿನ ಸ್ಥಿತಿ ನೋಡಲು ಬೆಂಗಳೂರಿನ ಡ್ರೋನ್ ಕಂಪನಿಯೊಂದರ ತಂಡ ಹೋಗಿತ್ತು. ವಯನಾಡು ದುರಂತದಲ್ಲೂ ಡ್ರೋನ್ ಹಾರಿದವು. ಆದರೆ ಇವೆಲ್ಲ ದೊಡ್ಡವರು, ದೊಡ್ಡ ಯಂತ್ರಗಳು. ನಮ್ಮ ಪ್ರಶ್ನೆ ಬೇರೆ ಇತ್ತು. ದೇವಿಮನೆ ಘಟ್ಟದಲ್ಲಿ ಮಣ್ಣು ಜಾರಿ ರಸ್ತೆ ಬಂದ್ ಆದಾಗ, ದೊಡ್ಡ ತಂಡ ಬರುವವರೆಗಿನ ಆ ಮೊದಲ ಕೆಲವು ಗಂಟೆಗಳಲ್ಲಿ, ಊರಿನವರೇ ಕಟ್ಟಿಕೊಂಡ ಡ್ರೋನ್‌ನಿಂದ ಏನಾದರೂ ಉಪಯೋಗ ಇದೆಯಾ?

ಈಗ ಕಿಟ್. ಎಕ್ಸ್500 ವಿ2 ಅಂದರೆ ಒಂದು ಮೋಟಾರಿನಿಂದ ಎದುರು ಮೂಲೆಯ ಮೋಟಾರಿಗೆ 500 ಮಿಲಿಮೀಟರ್ ಇರುವ ನಾಲ್ಕು ರೆಕ್ಕೆಯ ಚೌಕಟ್ಟು. ತಟ್ಟೆಗಳೂ ತೋಳುಗಳೂ ಕಾರ್ಬನ್ ಫೈಬರ್. 2216 ಅಳತೆಯ ಮೋಟಾರು, ಮೋಟಾರಿನ ವೇಗ ಹಿಡಿತದಲ್ಲಿಡುವ 20 ಆಂಪಿಯರ್ ಇಎಸ್‌ಸಿ, 10 ಇಂಚಿನ ಪ್ರೊಪೆಲರ್. ಡೆವಲಪ್‌ಮೆಂಟ್ ಕಿಟ್ ತೆಗೆದುಕೊಂಡರೆ ಡ್ರೋನ್‌ನ ಮಿದುಳಾದ ಪಿಕ್ಸ್‌ಹಾಕ್ 6ಸಿ ಫ್ಲೈಟ್ ಕಂಟ್ರೋಲರ್, ಜಿಪಿಎಸ್, ಹಾರಾಟದ ಮಾಹಿತಿ ನೆಲಕ್ಕೆ ಕಳಿಸುವ ಟೆಲಿಮೆಟ್ರಿ ರೇಡಿಯೊ ಜೊತೆಗೇ ಬರುತ್ತವೆ. ಬ್ಯಾಟರಿ ಬರುವುದಿಲ್ಲ, ರಿಮೋಟ್ ಬರುವುದಿಲ್ಲ, ಕ್ಯಾಮೆರಾ ಅಂತೂ ಇಲ್ಲವೇ ಇಲ್ಲ. ಇದನ್ನು ಮೊದಲೇ ತಿಳಿದುಕೊಳ್ಳಿ. ಯಾಕೆಂದರೆ ಕಿಟ್ ಬೆಲೆ ನೋಡಿ ಬಜೆಟ್ ಹಾಕಿದವರು ಕೊನೆಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಖರ್ಚು ಮಾಡಿರುತ್ತಾರೆ.

ಜೋಡಿಸುವುದು ಸುಲಭ, ನಿಜಕ್ಕೂ ಸುಲಭ. ಮೋಟಾರು, ಇಎಸ್‌ಸಿ ತೋಳಿಗೆ ಕೂರಿಸಿಕೊಂಡೇ ಬರುತ್ತವೆ. ಬೆಸುಗೆ ಹಾಕುವ ಕೆಲಸ ಇಲ್ಲ. ಡ್ರೋನ್ ಹಾರಿಸುವ ಪಿಎಕ್ಸ್4 ತಂತ್ರಾಂಶದ ಕೈಪಿಡಿಯಲ್ಲಿ 55 ನಿಮಿಷ ಸಾಕು ಅಂತ ಇದೆ. ಮೊದಲ ಸಲ ಕಟ್ಟುವವರು ಅರ್ಧ ದಿನ ಇಟ್ಟುಕೊಳ್ಳಿ, ನಡುವೆ ಚಾ ಕುಡಿಯಿರಿ, ಸ್ಕ್ರೂಗಳಿಗೆ ಥ್ರೆಡ್ ಲಾಕರ್ ಅಂಟು ಹಚ್ಚುವುದನ್ನು ಮಾತ್ರ ಬಿಡಬೇಡಿ. ಹಾರುವಾಗಿನ ನಡುಕಕ್ಕೆ ಸಣ್ಣ ಸ್ಕ್ರೂ ತಾನಾಗಿಯೇ ಸಡಿಲ ಆಗುತ್ತದೆ, ಅದು ಯಾವ ಕಂಪನಿಯದ್ದಾದರೂ ಅಷ್ಟೇ. ಕಂಪಾಸ್ ಕ್ಯಾಲಿಬ್ರೇಶನ್ ಅನ್ನು ಆರ್‌ಸಿಸಿ ಟೆರೇಸಿನ ಮೇಲೆ ಮಾಡಬೇಡಿ, ಒಳಗಿನ ಕಬ್ಬಿಣದ ಸರಳು ಲೆಕ್ಕ ತಪ್ಪಿಸುತ್ತದೆ. ಗದ್ದೆ ಬಯಲಿಗೆ ಹೋಗಿ.

ನನಗೆ ಈ ಕಿಟ್‌ನಲ್ಲಿ ಅತಿ ಇಷ್ಟವಾಗಿದ್ದು ಅಡಿಯಲ್ಲಿರುವ ಎರಡು ಕೊಳವೆಗಳು. ತಲಾ 10 ಮಿಲಿಮೀಟರ್ ದಪ್ಪ. ಬ್ಯಾಟರಿ, ಕ್ಯಾಮೆರಾ, ದಾರ ಬಿಡುವ ಕೊಕ್ಕೆ, ಏನು ಬೇಕಾದರೂ ಕ್ಲಿಪ್ ಹಾಕಿ ತೂಗುಹಾಕಬಹುದು, ಹಿಂದೆ ಮುಂದೆ ಜಾರಿಸಿ ತೂಕ ಸಮ ಮಾಡಬಹುದು. ರೆಡಿಮೇಡ್ ಡ್ರೋನ್‌ಗಳಲ್ಲಿ ಈ ಸ್ವಾತಂತ್ರ್ಯ ಸಿಗುವುದಿಲ್ಲ. ಇನ್ನೊಂದು, ಏನು ಮುರಿದರೂ ಸಿಗುತ್ತದೆ. ಪ್ರೊಪೆಲರ್, ಇಎಸ್‌ಸಿ, ಮೋಟಾರು ಎಲ್ಲ ಸಾಮಾನ್ಯ ಅಳತೆಯವು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿದರೆ ಅದೇ ಅಲ್ಲದಿದ್ದರೂ ಹೊಂದುವ ಇನ್ನೊಂದು ಸಿಕ್ಕೇ ಸಿಗುತ್ತದೆ. ತುರ್ತು ಕೆಲಸಕ್ಕೆ ಇಡುವ ಯಂತ್ರ ಸರ್ವಿಸ್ ಸೆಂಟರ್‌ಗೆ ಹೋಗಿ ವಾರಗಟ್ಟಲೆ ಕೂತರೆ ಏನು ಪ್ರಯೋಜನ, ಅಲ್ವಾ?

ಸಾಫ್ಟ್‌ವೇರ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಘಟ್ಟದವರಿಗೆ ಅಪಾಯ ಇರುವುದೇ ಇಲ್ಲಿ. ಪಿಕ್ಸ್‌ಹಾಕ್ ಮೇಲೆ ಪಿಎಕ್ಸ್4 ಹಾಕಬಹುದು, ಇಲ್ಲವೇ ಆರ್ಡುಪೈಲಟ್ ಹಾಕಬಹುದು. ಎರಡೂ ಉಚಿತ, ಎರಡರ ಕೋಡೂ ಯಾರು ಬೇಕಾದರೂ ತೆರೆದು ನೋಡಬಹುದು. ನಾವು ಆರ್ಡುಪೈಲಟ್ ಹಾಕಿದೆವು, ಅದನ್ನು ಹೊಂದಿಸುವ ಲ್ಯಾಪ್‌ಟಾಪ್ ತಂತ್ರಾಂಶ ಮಿಷನ್ ಪ್ಲಾನರ್ ನಮ್ಮ ಹುಡುಗರಿಗೆ ಬೇಗ ಹಿಡಿಸಿತು ಅನ್ನುವುದೇ ಕಾರಣ. ಇದರಲ್ಲಿ ಆರ್‌ಟಿಎಲ್ ಅಂತ ಒಂದು ವ್ಯವಸ್ಥೆ ಇದೆ. ರಿಮೋಟ್ ಸಿಗ್ನಲ್ ಹೋದರೆ, ಅಥವಾ ಬ್ಯಾಟರಿ ಇಳಿದಾಗ ಹಾಗೆ ಮಾಡು ಅಂತ ಹೊಂದಿಸಿದ್ದರೆ, ಡ್ರೋನ್ ತಾನೇ ಹೊರಟ ಜಾಗಕ್ಕೆ ವಾಪಸ್ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಆರ್ಡುಪೈಲಟ್‌ನಲ್ಲಿ ವಾಪಸ್ ಬರುವ ಎತ್ತರ ಮೊದಲಿಂದಲೂ 15 ಮೀಟರ್ ಅಂತ ಇಟ್ಟಿರುತ್ತಾರೆ. ಅದೂ ಹೊರಟ ಜಾಗದಿಂದ ಲೆಕ್ಕ. ಬಯಲುಸೀಮೆಯ ಹೊಲದಲ್ಲಿ ಅದು ಸಾಕು. ನಮ್ಮಲ್ಲಿ ಒಂದು ಹಳೆಯ ಅಡಿಕೆ ಮರವೇ ಅದಕ್ಕಿಂತ ಎತ್ತರ ಇರುತ್ತದೆ! ಕಣಿವೆಯ ರಸ್ತೆಯಿಂದ ಹಾರಿಸಿ, ಒಂದು ದಿಬ್ಬ ದಾಟಿಸಿ, ಆಚೆ ಬದಿ ಕೆಳಗೆ ಇಳಿಸಿ ನೋಡುತ್ತಿದ್ದೀರಿ ಅಂತ ಇಟ್ಟುಕೊಳ್ಳಿ. ಆಗ ಸಿಗ್ನಲ್ ಹೋಯಿತು. ದಿಬ್ಬ ಅಡ್ಡ ಬಂದರೆ ಸಿಗ್ನಲ್ ಹೋಗಿಯೇ ಹೋಗುತ್ತದೆ. ಡ್ರೋನ್ 15 ಮೀಟರ್‌ಗೆ ಏರಿ ನೇರ ಗೆರೆ ಎಳೆದ ಹಾಗೆ ಮನೆ ಕಡೆ ಹೊರಡುತ್ತದೆ. ನಡುವೆ ಗುಡ್ಡ ಇದೆ ಅಂತ ಅದಕ್ಕೆ ಗೊತ್ತಿಲ್ಲ.

ಇದಕ್ಕೆ ಪರಿಹಾರ ಎರಡು. ಒಂದು, ಹಾರಿಸುವ ಮೊದಲು ಸುತ್ತಲಿನ ಅತಿ ಎತ್ತರದ ಮರ, ದಿಬ್ಬ ನೋಡಿ ಆ ಎತ್ತರವನ್ನು ಪ್ರತಿ ಸಲ ಬದಲಿಸುವುದು. ಎರಡನೆಯದು ಭೂಮಿಯ ಏರಿಳಿತದ ದತ್ತಾಂಶ ತುಂಬಿಸಿ, ನೆಲದಿಂದ ಇಷ್ಟು ಎತ್ತರ ಅಂತ ಹೇಳುವುದು. ಆ ದತ್ತಾಂಶ ಹೆಚ್ಚಾಗಿ 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು. ಗುಡ್ಡದ ಆಕಾರ ಸುಮಾರಾಗಿ ಸಿಗುತ್ತದೆ, ಒಂದೊಂದು ಮರದ ಲೆಕ್ಕ ಸಿಗುವುದಿಲ್ಲ, ಮೊನ್ನೆ ಕುಸಿದ ಗುಡ್ಡದ ಹೊಸ ಆಕಾರವಂತೂ ಅದರಲ್ಲಿ ಇಲ್ಲ. ಹಾಗಾಗಿ ಎರಡನೆಯದು ಮಾಡಿದರೂ ಮೊದಲನೆಯದು ತಪ್ಪುವುದಿಲ್ಲ. ಕಣಿವೆ ದಾಟುವ ಕರೆಂಟ್ ತಂತಿಗಳ ಕಥೆ ಇನ್ನೂ ಕಷ್ಟ. ಕ್ಯಾಮೆರಾದಲ್ಲಿ ತಂತಿ ಕಾಣುವುದಿಲ್ಲ, ಕಂಬ ಮಾತ್ರ ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ತಿಳಿದು ಹಾರಿಸಬೇಕು. ಲೈನ್‌ಮನ್ ಒಬ್ಬರನ್ನು ಗುಂಪಿಗೆ ಸೇರಿಸಿಕೊಳ್ಳಿ, ಸುಮ್ನೆ ಹೇಳುತ್ತಿಲ್ಲ.

ಎಷ್ಟು ಹೊತ್ತು ಹಾರುತ್ತದೆ? 4 ಸೆಲ್‌ನ 5000 ಎಂಎಎಚ್ ಬ್ಯಾಟರಿ ಹಾಕಿ, ಏನೂ ಹೊರೆ ಇಲ್ಲದೆ, ಒಂದೇ ಜಾಗದಲ್ಲಿ ನಿಂತರೆ ಸುಮಾರು 18 ನಿಮಿಷ ಅಂತ ಕಂಪನಿ ಹೇಳುತ್ತದೆ. ಸರಿಯಾದ ಮಾತೇ. ಆದರೆ ಕ್ಯಾಮೆರಾ, ರಾಸ್ಪ್‌ಬೆರಿ ಪೈ ಅನ್ನುವ ಸಣ್ಣ ಕಂಪ್ಯೂಟರ್, ವೀಡಿಯೊ ಕಳಿಸುವ ಪೆಟ್ಟಿಗೆ ಕಟ್ಟಿ, ಕಾಲುಭಾಗ ಬ್ಯಾಟರಿ ವಾಪಸ್ ಬರಲು ಉಳಿಸಿಕೊಂಡರೆ ಕೆಲಸಕ್ಕೆ ಸಿಗುವುದು ಹತ್ತು ಹನ್ನೊಂದು ನಿಮಿಷ. ಇದನ್ನು ನೆಲದ ಲೆಕ್ಕಕ್ಕೆ ತಂದು ನೋಡಿ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ 10 ನಿಮಿಷ ಅಂದರೆ 3 ಕಿಲೋಮೀಟರ್ ದಾರಿ. ಪ್ರತಿ ಸಾಲಿಗೆ 30 ಮೀಟರ್ ಅಗಲ ಹಿಡಿದರೆ 9 ಹೆಕ್ಟೇರ್, ಅಂದರೆ 22 ಎಕರೆ. ತಿರುವು, ಗಾಳಿ ಎಲ್ಲ ಕಳೆದು 15 ಎಕರೆ ಅಂತ ಇಟ್ಟುಕೊಳ್ಳಿ. ಒಂದು ಬ್ಯಾಟರಿಗೆ 15 ಎಕರೆ. ದಾರಿ ತಪ್ಪಿದವರು ಕಾಡಿನಲ್ಲಿ ಎಲ್ಲೋ ಇದ್ದಾರೆ ಅನ್ನುವಾಗ ಇದು ಏನೂ ಅಲ್ಲ. ಕುಸಿದ ಜಾಗ ಗೊತ್ತಿದೆ, ಅದರ ಸುತ್ತ ನೋಡಬೇಕು ಅನ್ನುವಾಗ ಧಾರಾಳ ಆಯಿತು.

ಈಗ ಎಲ್ಲರೂ ಮೊದಲು ಕೇಳುವ ಥರ್ಮಲ್ ಕ್ಯಾಮೆರಾ, ಅಂದರೆ ಮೈಯ ಶಾಖ ನೋಡುವ ಕ್ಯಾಮೆರಾ. ಸಿನಿಮಾದಲ್ಲಿ ನೋಡಿ ಬಂದವರಿಗೆ ಕತ್ತಲೆಯಲ್ಲಿ ಕೆಂಪು ಮನುಷ್ಯ ನಡೆದು ಬರುವ ಚಿತ್ರ ತಲೆಯಲ್ಲಿ ಇರುತ್ತದೆ. ನಮ್ಮ ಬಜೆಟ್‌ಗೆ ಎಟುಕಿದ್ದು ಫ್ಲಿರ್ ಲೆಪ್ಟನ್ 3.5. ಪ್ಯೂರ್‌ಥರ್ಮಲ್ ಅನ್ನುವ ಸಣ್ಣ ಬೋರ್ಡ್ ಮೇಲೆ ಕೂರಿಸಿದರೆ ಯುಎಸ್‌ಬಿ ವೆಬ್‌ಕ್ಯಾಮ್ ಹಾಗೆ ಕೆಲಸ ಮಾಡುತ್ತದೆ, ಅಷ್ಟರ ಮಟ್ಟಿಗೆ ತಲೆನೋವು ಇಲ್ಲ. ಆದರೆ ಅದರ ಚಿತ್ರ 160 ಅಡ್ಡ, 120 ಉದ್ದ, ಅಷ್ಟೇ ಚುಕ್ಕಿ. ಸೆಕೆಂಡಿಗೆ 9 ಚಿತ್ರವೂ ಪೂರ್ತಿ ಬರುವುದಿಲ್ಲ. ನೋಟದ ಅಗಲ 57 ಡಿಗ್ರಿ. 40 ಮೀಟರ್ ಎತ್ತರದಿಂದ ನೋಡಿದರೆ ನೆಲದ 43 ಮೀಟರ್ ಅಗಲ ಕಾಣುತ್ತದೆ, ಒಂದು ಚುಕ್ಕಿಗೆ 27 ಸೆಂಟಿಮೀಟರ್. ಮಲಗಿರುವ ದೊಡ್ಡ ಮನುಷ್ಯ ಪರದೆಯ ಮೇಲೆ ಆರು ಚುಕ್ಕಿ ಉದ್ದ, ಎರಡು ಚುಕ್ಕಿ ಅಗಲ. ಒಂದು ಅಕ್ಕಿ ಕಾಳು ಕಂಡ ಹಾಗೆ. ಅದು ಮನುಷ್ಯನಾ, ಕರುವಾ, ಬಿಸಿಲಿಗೆ ಕಾದ ಕಲ್ಲಾ ಅಂತ ಹೇಳುವುದು ಯಂತ್ರದ ಕೆಲಸ ಅಲ್ಲ, ಪರದೆ ನೋಡುವವರ ಅಭ್ಯಾಸದ ಕೆಲಸ.

ಅಭ್ಯಾಸಕ್ಕೆ ನಾವು ಒಬ್ಬರನ್ನು ತೋಟದಲ್ಲಿ ಮಲಗಿಸಿ ಹುಡುಕುತ್ತೇವೆ. ಬೆಳಗಿನ ಜಾವ, ನೆಲ ತಣ್ಣಗಿರುವಾಗ, ಬೋಳು ಜಾಗದಲ್ಲಿ ಮಲಗಿದ್ದರೆ ತಕ್ಷಣ ಕಾಣುತ್ತದೆ. ಸಂಜೆ ಐದಕ್ಕೆ ಚಿರೆಕಲ್ಲಿನ ಗೋಡೆ, ತಗಡಿನ ಮಾಡು ಎಲ್ಲ ಹೊಳೆಯುತ್ತಿರುತ್ತವೆ, ಮನುಷ್ಯ ಅದರಲ್ಲಿ ಕರಗಿ ಹೋಗುತ್ತಾನೆ. ಅಡಿಕೆ ಸೋಗೆ ಅಡಿ ಇದ್ದರೆ ತುಂಡು ತುಂಡಾಗಿ ಕಾಣಬಹುದು. ದಟ್ಟ ಕಾಡಿನ ಮರದ ಅಡಿ ಇದ್ದರೆ ಕಾಣುವುದಿಲ್ಲ, ಮುಗಿಯಿತು. ಮೈ ಪೂರ್ತಿ ಒದ್ದೆಯಾಗಿ ಬಟ್ಟೆ ತಣ್ಣಗಾಗಿದ್ದರೆ ಮುಖ, ಕೈ ಮಾತ್ರ ಸ್ವಲ್ಪ ತೋರುತ್ತದೆ. ಮಣ್ಣಿನ ಅಡಿ, ನೀರಿನ ಅಡಿ ಇರುವವರನ್ನು ಥರ್ಮಲ್ ಕ್ಯಾಮೆರಾ ತೋರಿಸುವುದಿಲ್ಲ, ಎಷ್ಟು ಲಕ್ಷದ್ದಾದರೂ ತೋರಿಸುವುದಿಲ್ಲ. ಶಿರೂರಿನಲ್ಲಿ ಬಳಸಿದ್ದು ಬೇರೆಯೇ ತರಹದ ಉಪಕರಣ. ಊರಿನವರಿಗೆ ಇದನ್ನು ಮೊದಲೇ ಹೇಳಿಡುವುದು ಒಳ್ಳೆಯದು. ಇಲ್ಲದಿದ್ದರೆ ಮಣ್ಣಿನ ರಾಶಿ ಮುಂದೆ ನಿಂತು ಮನೆಯವರು "ಡ್ರೋನ್ ಇದೆಯಲ್ಲ ತಮ್ಮಾ, ನೋಡಿ ಹೇಳು" ಅಂದಾಗ ಕೊಡಲು ಉತ್ತರ ಇರುವುದಿಲ್ಲ.

ಮಳೆ ವಿಷಯ. ಇಲ್ಲಿನ ಅಗ್ನಿಶಾಮಕ ಠಾಣೆಗೆ ಡ್ರೋನ್ ತೋರಿಸಲು ಹೋದಾಗ ಅಲ್ಲಿನ ಹಿರಿಯರೊಬ್ಬರು ಮೋಟಾರು ಕೇಳಲಿಲ್ಲ, ಕ್ಯಾಮೆರಾ ಕೇಳಲಿಲ್ಲ. "ಮಳೇಲಿ ಹಾರ್ತದೇನ್ರೋ?" ಅಂತ ಒಂದೇ ಮಾತು. ಇಲ್ಲ ಸಾರ್ ಅಂದೆವು. "ಹಂಗಾರೆ ನಮ್ಗೆ ಫೋನ್ ಬರೋ ಹೊತ್ತಿಗೆ ಇದು ಪೆಟ್ಟಿಗೇಲಿ ಇರ್ತದೆ" ಅಂದರು. ಸರಿಯಾಗಿಯೇ ಹೇಳಿದರು. ಎಕ್ಸ್500 ತೆರೆದ ಚೌಕಟ್ಟು. ಇಎಸ್‌ಸಿ, ಪವರ್ ಬೋರ್ಡ್, ಕನೆಕ್ಟರ್ ಎಲ್ಲ ಗಾಳಿಗೆ ತೆರೆದುಕೊಂಡೇ ಇವೆ. ಬೋರ್ಡ್‌ಗಳಿಗೆ ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಹಚ್ಚಬಹುದು, ಮೇಲೊಂದು ಪ್ಲಾಸ್ಟಿಕ್ ಟೋಪಿ ಮಾಡಬಹುದು, ನಾವೂ ಮಾಡಿದ್ದೇವೆ. ಅದರಿಂದ ತುಂತುರು ಹನಿ, ಮಂಜು ತಡೆಯುತ್ತದೆ. ಜುಲೈ ತಿಂಗಳ ಮಳೆ ತಡೆಯುವುದಿಲ್ಲ. ವಾಯುಭಾರ ನೋಡಿ ಎತ್ತರ ಅಳೆಯುವ ಸೆನ್ಸರ್ ಬಿರುಗಾಳಿಗೆ ತಪ್ಪು ಹೇಳುತ್ತದೆ, ಲೆನ್ಸ್ ಮೇಲೆ ಹನಿ ಕೂತರೆ ಯಾವ ಕ್ಯಾಮೆರಾ ಇದ್ದರೂ ಕಾಣುವುದು ಬಿಳಿ ಮಸುಕು. ಹಾಗಾಗಿ ನಮ್ಮ ನಿಯಮ ಒಂದೇ, ಮಳೆ ಹೊಳವಾದರೆ ಹಾರಿಸುವುದು. ಆ ಹೊಳವು ಹದಿನೈದು ನಿಮಿಷ ಇರಬಹುದು, ಅರ್ಧ ಗಂಟೆ ಇರಬಹುದು. ಬ್ಯಾಟರಿ ತುಂಬಿ, ಮಿಷನ್, ಅಂದರೆ ಹಾರುವ ದಾರಿ, ಮೊದಲೇ ಬರೆದಿಟ್ಟು, ಪ್ರೊಪೆಲರ್ ಹಾಕಿಕೊಂಡು ಟಾರ್ಪಾಲಿನ ಅಡಿ ಕಾದು ಕೂರಬೇಕು.

ಠಾಣೆಯ ಆ ಹಿರಿಯರೇ ಹೇಳಿದ ಇನ್ನೊಂದು ಮಾತು ನಮ್ಮ ಇಡೀ ಯೋಜನೆಯನ್ನೇ ಬದಲಿಸಿತು. ನಾವು ಎಷ್ಟು ಚಂದದ ವೀಡಿಯೊ ಬರುತ್ತದೆ ಅಂತ ತೋರಿಸುತ್ತಿದ್ದೆವು. ಅವರಿಗೆ ವೀಡಿಯೊ ಬೇಡ. ಜನ ಎಲ್ಲಿದ್ದಾರೆ, ಯಾವ ಕಡೆಯಿಂದ ನಡೆದು ಹೋಗಬಹುದು, ಮೇಲಿನ ಮಣ್ಣು ಇನ್ನೂ ಜಾರುತ್ತಾ, ಈ ಮೂರಕ್ಕೆ ಉತ್ತರ ಬೇಕು. ಈಗ ಪರದೆಯಲ್ಲಿ ಏನಾದರೂ ಕಂಡರೆ ಒಂದು ಗುಂಡಿ ಒತ್ತಿದರೆ ಆ ಜಾಗದ ಅಕ್ಷಾಂಶ ರೇಖಾಂಶ, ಒಂದು ಫೋಟೊ, ಇವೆರಡೇ ಒಂದು ಮೆಸೇಜ್ ಆಗಿ ಹೋಗುವ ಹಾಗೆ ನಮ್ಮ ಮೊಬೈಲ್ ಅಂಗಡಿ ಗೆಳೆಯ ಮಾಡಿಕೊಟ್ಟಿದ್ದಾನೆ. ನೆಟ್‌ವರ್ಕ್ ಇದ್ದರೆ ವಾಟ್ಸಾಪ್, ಇಲ್ಲದಿದ್ದರೆ ಕಾಗದದ ಮೇಲೆ ಬರೆದು ಕೈಗೆ ಕೊಡುವುದು. ಕರೆಂಟ್ ಹೋದರೆ ನಮ್ಮ ಕಡೆ ಟವರ್ ಕೂಡ ಸ್ವಲ್ಪ ಹೊತ್ತಿಗೆ ಮಲಗುತ್ತದೆ, ಆದ್ದರಿಂದ ನಕ್ಷೆಗಳನ್ನೆಲ್ಲ ಲ್ಯಾಪ್‌ಟಾಪ್‌ಗೆ ಮೊದಲೇ ಇಳಿಸಿಟ್ಟಿರಬೇಕು.

ರೇಡಿಯೊ ಬಗ್ಗೆ ಒಂದು ಎಚ್ಚರಿಕೆ. ಟೆಲಿಮೆಟ್ರಿ ರೇಡಿಯೊ 433 ಮತ್ತು 915 ಮೆಗಾಹರ್ಟ್ಸ್, ಎರಡು ತರಹ ಬರುತ್ತದೆ. 915 ಅಮೆರಿಕದಲ್ಲಿ ಮುಕ್ತ, ನಮ್ಮಲ್ಲಿ ಅಲ್ಲ. ಇಲ್ಲಿ ಅದು ಮೊಬೈಲ್ ಕಂಪನಿಗಳ ತರಂಗದ ಮಗ್ಗುಲಲ್ಲಿ ಇದೆ. ನಾವು ಕೊಂಡ ಆನ್‌ಲೈನ್ ಅಂಗಡಿ, ಹೆಸರು ಬೇಡ ಬಿಡಿ, ಆರ್ಡರ್‌ನಲ್ಲಿ ಬೇಡ ಅಂತ ಬರೆದಿದ್ದರೂ 915 ಕಳಿಸಿತು. ಫೋನ್ ಮಾಡಿದರೆ "ಎಲ್ರೂ ಇದನ್ನೇ ಯೂಸ್ ಮಾಡ್ತಾರೆ ಸಾರ್, ಏನೂ ಆಗಲ್ಲ" ಅನ್ನುವ ಉತ್ತರ. ಬದಲಿಸಿಕೊಳ್ಳಲು ಸಾಕಷ್ಟು ಗುದ್ದಾಡಬೇಕಾಯಿತು. ಪೊಲೀಸ್, ಅಗ್ನಿಶಾಮಕದವರ ಪಕ್ಕ ನಿಂತು ಕೆಲಸ ಮಾಡುವವರು ಅನುಮತಿ ಇಲ್ಲದ ತರಂಗ ಬಳಸುವುದು ಸರಿಯಲ್ಲ. ರಿಮೋಟ್‌ಗೆ 2.4 ಗಿಗಾಹರ್ಟ್ಸ್ ಸಾಕು, ಒದ್ದೆ ಎಲೆಗಳ ನಡುವೆ ಅದರ ದೂರ ಕಡಿಮೆ ಆಗುತ್ತದೆ. 5.8ರ ವೀಡಿಯೊ ಇನ್ನೂ ಬೇಗ ಸೋಲುತ್ತದೆ. ಎತ್ತರದ ತಿರುವಿನಲ್ಲಿ ನಿಂತು, ಡ್ರೋನ್ ಕಣ್ಣಿಗೆ ಕಾಣುವ ಹಾಗೆ ಹಾರಿಸಿ.

ಇನ್ನು ಇದು ಗೆದ್ದ ಜಾಗಗಳು. ಮೊದಲನೆಯದು ನಕ್ಷೆ. ಕೆಳಮುಖ ಕ್ಯಾಮೆರಾದಿಂದ ಒಂದರ ಮೇಲೊಂದು ಮುಕ್ಕಾಲು ಪಾಲು ಬೀಳುವ ಹಾಗೆ ಫೋಟೊ ತೆಗೆದು, ವೆಬ್‌ಒಡಿಎಂ ಅನ್ನುವ ಉಚಿತ ತಂತ್ರಾಂಶಕ್ಕೆ ಹಾಕಿದರೆ ಇಡೀ ಗುಡ್ಡದ ಒಂದೇ ದೊಡ್ಡ ಚಿತ್ರ, ಏರಿಳಿತದ ಲೆಕ್ಕದ ಜೊತೆ ಬರುತ್ತದೆ. ಇಂಟರ್ನೆಟ್ ಬೇಡ, ಸ್ವಲ್ಪ ಬಲವಾದ ಲ್ಯಾಪ್‌ಟಾಪ್ ಸಾಕು. ಮೇ ತಿಂಗಳಲ್ಲಿ ಒಮ್ಮೆ ತೆಗೆದಿಟ್ಟು, ದೊಡ್ಡ ಮಳೆ ಆದ ಮೇಲೆ ಇನ್ನೊಮ್ಮೆ ತೆಗೆದು ಅಕ್ಕಪಕ್ಕ ಇಟ್ಟರೆ ಹೊಸ ಬಿರುಕು, ಬಾಗಿದ ಮರಗಳ ಸಾಲು, ಎಲ್ಲಿಂದಲೋ ಹೊಸದಾಗಿ ಹರಿದ ನೀರಿನ ಗೆರೆ ಕಣ್ಣಿಗೆ ಹೊಡೆಯುತ್ತವೆ. ಕೆಳಗೆ ರಸ್ತೆಯಲ್ಲಿ ನಿಂತವರಿಗೆ ತಲೆ ಮೇಲಿನ ಬಿರುಕು ಕಾಣುವುದೇ ಇಲ್ಲ. ಜೆಸಿಬಿ ಓಡಿಸುವವರಿಗೆ ಇದಕ್ಕಿಂತ ಬೇಕಾದ ಮಾಹಿತಿ ಇನ್ನೊಂದಿಲ್ಲ. ನನ್ನ ಮಟ್ಟಿಗೆ ಈ ಕಿಟ್ ಕೊಳ್ಳಲು ಇದೊಂದೇ ಕಾರಣ ಸಾಕು.

ಎರಡನೆಯದು ದಾರ. ಒಂದು ಸರ್ವೋ ಮೋಟಾರಿನ ಕೊಕ್ಕೆಗೆ ಮೀನು ಹಿಡಿಯುವ ನೈಲಾನ್ ದಾರದ ತುದಿ ಸಿಕ್ಕಿಸಿ, ಹಳ್ಳದ ಆಚೆ ಬಿಡುವುದು. ಆಚೆಯವರು ಅದನ್ನು ಎಳೆದರೆ ಹಿಂದೆ ತೆಳು ಹಗ್ಗ, ಅದರ ಹಿಂದೆ ದಪ್ಪ ಹಗ್ಗ. ಆರ್ಡುಪೈಲಟ್‌ನಲ್ಲಿ ಕೊಕ್ಕೆ ಬಿಡುವ ವ್ಯವಸ್ಥೆ ಮೊದಲೇ ಇದೆ, ಕೋಡ್ ಬರೆಯಬೇಕಿಲ್ಲ. ದಾರ ಉಂಡೆಯಿಂದ ಸರಾಗ ಬಿಚ್ಚಿಕೊಳ್ಳಬೇಕು, ನೀರಿಗೆ ಬಿದ್ದರೆ ಸೆಳೆತ ಡ್ರೋನನ್ನೇ ಎಳೆಯುತ್ತದೆ. ಅದಕ್ಕೇ ಏನೇ ತೊಂದರೆ ಬಂದರೂ ದಾರ ಬಿಟ್ಟುಬಿಡುವ ಸ್ವಿಚ್ ಮೇಲೆ ಒಬ್ಬರ ಬೆರಳು ಸದಾ ಇರಬೇಕು. ಔಷಧ, ಟಾರ್ಚ್, ಒಂದು ಸಣ್ಣ ವಾಕಿಟಾಕಿ ಕೂಡ ಇದೇ ಕೊಕ್ಕೆಯಲ್ಲಿ ಹೋಗುತ್ತವೆ. ಲೈಫ್ ಜಾಕೆಟ್ ಎತ್ತುತ್ತದೆ, ಆದರೆ ಗಾಳಿಗೆ ಅದು ಪಟದ ಹಾಗೆ ಹಿಡಿದುಕೊಳ್ಳುವುದರಿಂದ ನನಗೆ ಧೈರ್ಯ ಇಲ್ಲ.

ಕಾನೂನು ಬೇಗ ಮುಗಿಸುತ್ತೇನೆ. 2021ರ ಆಗಸ್ಟ್ 25ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂನಿಂದ 2 ಕೆಜಿವರೆಗೆ ಮೈಕ್ರೋ ವರ್ಗ. ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೋ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಕಡ್ಡಾಯ ಇಲ್ಲ, 2 ಕೆಜಿ ದಾಟಿದರೆ ಬೇಕು. ಎಕ್ಸ್500ಕ್ಕೆ ಬ್ಯಾಟರಿ, ಕ್ಯಾಮೆರಾ ಎಲ್ಲ ಕಟ್ಟಿದ ಮೇಲೆ ಆ 2 ಕೆಜಿ ಗೆರೆಯ ಹತ್ತಿರ ಬಂದು ನಿಲ್ಲುತ್ತದೆ, ತಕ್ಕಡಿಯಲ್ಲಿ ಇಟ್ಟು ನೋಡಿ. ಸರ್ಟಿಫಿಕೇಟ್ ಬೇಡ ಅಂದರೂ ಒಬ್ಬರಾದರೂ ತರಬೇತಿ ಪಡೆದಿರುವುದು ಒಳ್ಳೆಯದು. ಮನೆಯಲ್ಲಿ ಕಟ್ಟಿದ್ದು ಅನ್ನುವ ಕಾರಣಕ್ಕೆ ಡ್ರೋನ್ ನೋಂದಣಿಯ ಯುಐಎನ್ ನಂಬರಿನಿಂದ ವಿನಾಯಿತಿ ಸಿಗುವುದಿಲ್ಲ. ಹಸಿರು ವಲಯದಲ್ಲಿ 120 ಮೀಟರ್‌ವರೆಗೆ ಅನುಮತಿ ಕೇಳಬೇಕಿಲ್ಲ, ಆದರೆ ನಮ್ಮ ಜಿಲ್ಲೆಯಲ್ಲಿ ಕೈಗಾ ಅಣು ಸ್ಥಾವರ, ಕಾರವಾರದ ನೌಕಾನೆಲೆ ಇವೆ. ಆ ಸುತ್ತ ಆಟ ಬೇಡ, ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಹೊರಡಿ. ದುರಂತದ ಜಾಗದಲ್ಲಂತೂ ತಹಶೀಲ್ದಾರರಿಗೋ ಪೊಲೀಸರಿಗೋ ಹೇಳದೆ ಡ್ರೋನ್ ಎತ್ತಲೇಬಾರದು. ಹೆಲಿಕಾಪ್ಟರ್ ಸದ್ದು ಕೇಳಿದ ಕೂಡಲೇ ಇಳಿಸಬೇಕು. ವಿಪತ್ತು ಸ್ವಯಂಸೇವಕರಿಗಾಗಿ ಇರುವ ಸರ್ಕಾರದ ಆಪದ ಮಿತ್ರ ಯೋಜನೆಯಲ್ಲಿ ತರಬೇತಿ ಪಡೆದವರು ನಿಮ್ಮ ಗುಂಪಿನಲ್ಲಿ ಇದ್ದರೆ ಅಧಿಕಾರಿಗಳ ಹತ್ತಿರ ಮಾತು ಸುಲಭ ಆಗುತ್ತದೆ.

ಇದರ ಬದಲು ಏನು ಅಂತ ಕೇಳಿದರೆ, ಹೊರದೇಶದಲ್ಲಿ ರಕ್ಷಣಾ ತಂಡಗಳು ಬಳಸುವ ಡಿಜೆಐ ಮ್ಯಾಟ್ರಿಸ್ 30ಟಿ ಕಾಗದದ ಮೇಲೆ ನಮಗೆ ಬೇಕಾದದ್ದೇ. ಐಪಿ55 ಅಂದರೆ ಮಳೆ ತಡೆಯುತ್ತದೆ, 41 ನಿಮಿಷ ಹಾರಾಟ, 640 ಅಡ್ಡ 512 ಥರ್ಮಲ್. ಆದರೆ ಭಾರತ 2022ರ ಫೆಬ್ರವರಿಯಲ್ಲೇ ಸಿದ್ಧ ಡ್ರೋನ್‌ಗಳ ಆಮದು ನಿಲ್ಲಿಸಿತು, ಈ ಮ್ಯಾಟ್ರಿಸ್ ಮಾರುಕಟ್ಟೆಗೆ ಬಂದಿದ್ದು ಮುಂದಿನ ತಿಂಗಳು. ಬಿಚ್ಚಿಟ್ಟು ತಂದ ಪೂರ್ತಿ ಡ್ರೋನ್‌ಗೂ ಅದೇ ನಿಷೇಧ, ಬಿಡಿಭಾಗಕ್ಕೆ ಮಾತ್ರ ಅವಕಾಶ. ಅದಕ್ಕೇ ಈ ಕಿಟ್ ಅನ್ನು ನೀವೇ ಹೊರಗಿಂದ ತರಿಸಲು ಹೋಗಬೇಡಿ. ಜಿಎಸ್‌ಟಿ ಬಿಲ್ ಕೊಡುವ ಇಲ್ಲಿನ ಅಂಗಡಿಯಿಂದಲೇ ಕೊಳ್ಳಿ, ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡರೆ ಕೇಳುವವರಿಲ್ಲ. ನಮ್ಮ ದೇಶದ್ದೇ ಮಳೆ ತಡೆಯುವ ಯಂತ್ರಗಳಿವೆ, ಸೇನೆ, ಪೊಲೀಸ್ ಇಲಾಖೆಗಳು ಕೊಳ್ಳುವಂಥವು. ಊರಿನ ಯುವಕ ಮಂಡಳದ ಚಂದಾ ದುಡ್ಡಿಗೆ ಅವು ಎಟುಕುವುದಿಲ್ಲ. ಅವನ್ನು ಜಿಲ್ಲೆಗೆ ಒಂದೆರಡರಂತೆ ಸರ್ಕಾರವೇ ಇಡಬೇಕು, ಓಡಿಸಲು ಕಲಿತ ಕೈಗಳು ತಾಲೂಕಿನಲ್ಲಿ ಇರಬೇಕು. ಆ ಕೈಗಳನ್ನು ತಯಾರು ಮಾಡಲು ಎಕ್ಸ್500ಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಬಿದ್ದರೆ ಎದೆ ಒಡೆಯುವುದಿಲ್ಲ, ತೋಳು ಬದಲಿಸಿ ಮತ್ತೆ ಎತ್ತಬಹುದು.

ಕೊಳ್ಳುವವರಿಗೆ ಕೊನೆಯದಾಗಿ. ಡೆವಲಪ್‌ಮೆಂಟ್ ಕಿಟ್ ಅನ್ನೇ ತೆಗೆದುಕೊಳ್ಳಿ, ಬರೀ ಚೌಕಟ್ಟು ಬೇಡ. ಜೊತೆಗೆ ಒಂದು ಬಿಡಿ ಮೋಟಾರು, ಒಂದು ಇಎಸ್‌ಸಿ, ಎರಡು ತೋಳು, ಪ್ರೊಪೆಲರ್ ಎಷ್ಟು ಸಿಕ್ಕರೆ ಅಷ್ಟು. ಬ್ಯಾಟರಿ ಕನಿಷ್ಠ ನಾಲ್ಕು, ಕಾರಿನ 12 ವೋಲ್ಟ್‌ನಿಂದ ಚಾರ್ಜ್ ಆಗುವ ಚಾರ್ಜರ್ ಒಂದು. ಮಳೆಗಾಲದಲ್ಲಿ ಬ್ಯಾಟರಿಗಳನ್ನು ಯಾವಾಗಲೂ ಪೂರ್ತಿ ತುಂಬಿಸಿ ಇಡುವ ಆಸೆ ಆಗುತ್ತದೆ, ಹಾಗೆ ಇಟ್ಟರೆ ಈ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಬೇಗ ಉಬ್ಬುತ್ತದೆ. ಎರಡನ್ನು ತುಂಬಿ, ಎರಡನ್ನು ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಟ್ಟು, ವಾರಕ್ಕೊಮ್ಮೆ ಅದಲುಬದಲು ಮಾಡಿ. ಥರ್ಮಲ್ ಕ್ಯಾಮೆರಾಗೆ ದುಡ್ಡು ಸಾಲದಿದ್ದರೆ ಮೊದಲ ವರ್ಷ ಬಿಟ್ಟುಬಿಡಿ, ಆ ದುಡ್ಡಿನಲ್ಲಿ ಒಳ್ಳೆಯ ಫೋಟೊ ಕ್ಯಾಮೆರಾ ಮತ್ತು ಇನ್ನೆರಡು ಬ್ಯಾಟರಿ ತನ್ನಿ.